ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಆಪರೇಷನ್ ಆದರೆ ರಕ್ತ ನಿಲ್ಲುತ್ತದೆಯೇ, ಗಾಯ ಮಾಯುತ್ತದೆಯೇ?

ನಿಮ್ಮ ತಂದೆಯವರಿಗೆ ಹರ್ನಿಯಾ ಆಪರೇಷನ್ ಇದೆ, ಅವರು ವಾರ್ಫರಿನ್ ತಗೊಳ್ಳುತ್ತಾರೆ, ಭಯ ಆಗುತ್ತಿದೆ ಅಂದಿದ್ದೀರಿ. ಎರಡು ವರ್ಷದ ಹಿಂದೆ ನನ್ನದೂ ಇದೇ ಕಥೆ. ಹೃದಯದ ಬಡಿತ ತಾಳ ತಪ್ಪುತ್ತದೆ ಅಂತ ಅದೇ ಮಾತ್ರೆ, ಜೊತೆಗೆ ಅದೇ ಹರ್ನಿಯಾ. ನಾನು ಡಾಕ್ಟರ್ ಅಲ್ಲ, ಅನುಭವಿಸಿದವನು ಅಷ್ಟೇ.

ಈ ಮಾತ್ರೆ ರಕ್ತವನ್ನು ನೀರು ಮಾಡುವುದಿಲ್ಲ. ಹೆಸರೇ ದಾರಿ ತಪ್ಪಿಸುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ವಾರ್ಫರಿನ್ ಅದಕ್ಕೆ ಅಡ್ಡಗಾಲು ಹಾಕುತ್ತದೆ. ಹಾಗಾಗಿ ರಕ್ತ ನಿಲ್ಲುತ್ತದೆ, ಆದರೆ ನಿಧಾನವಾಗಿ. ಮಾತ್ರೆ ಬಿಟ್ಟ ಮೇಲೂ ಆ ಪ್ರೋಟೀನುಗಳು ಮತ್ತೆ ತುಂಬಿಕೊಳ್ಳಲು ದಿನಗಳು ಬೇಕು. ಅದಕ್ಕೇ ಸಾಮಾನ್ಯವಾಗಿ 5 ದಿನ ಮೊದಲೇ ನಿಲ್ಲಿಸುತ್ತಾರೆ, ಆಮೇಲೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಅಂಕಿ) ಪರೀಕ್ಷೆ ಮಾಡಿ ನೋಡುತ್ತಾರೆ. ನನ್ನದು 1.3 ಇತ್ತು, ಸರಿ ಅಂದರು. ಅಪಿಕ್ಸಾಬಾನ್ ಥರದ ಹೊಸ ಮಾತ್ರೆಗಳ ಪ್ರಭಾವ ಬೇಗ ಇಳಿಯುತ್ತದೆ, ಹೆಚ್ಚಿನವರಿಗೆ ಒಂದೆರಡು ದಿನ ಸಾಕು. ಆಸ್ಪಿರಿನ್ ದಾರಿಯೇ ಬೇರೆ. ಅದು ಪ್ಲೇಟ್‌ಲೆಟ್‌ಗಳನ್ನು, ಅಂದರೆ ಗಾಯದ ಬಾಯಿಗೆ ಅಂಟಿಕೊಂಡು ರಕ್ತ ನಿಲ್ಲಿಸುವ ಪುಟ್ಟ ಕಣಗಳನ್ನು, ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ, ಅವು ಸಾಯುವ ತನಕ, ಅಂದರೆ 7ರಿಂದ 10 ದಿನ. ಆದರೆ ಇದನ್ನೆಲ್ಲ ಓದಿಕೊಂಡು ನೀವೇ ಯಾವುದನ್ನೂ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಡಾಕ್ಟರ್ ಹೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.

ಈಗ ಗಾಯದ ವಿಷಯ. ನನ್ನ ಹೊಲಿಗೆ ಎಲ್ಲರಂತೆ ಸಮಯಕ್ಕೆ ಸರಿಯಾಗಿಯೇ ಕೂಡಿಕೊಂಡಿತು. ತೊಂದರೆ ಆಗಿದ್ದು ಚರ್ಮದ ಕೆಳಗೆ. ನಾಲ್ಕನೇ ದಿನ ಗಾಯದ ಪಕ್ಕ ಗಟ್ಟಿ ಬಾವು, ತೊಡೆಯವರೆಗೂ ಕರಿನೀಲಿ ಬಣ್ಣ. ಒಳಗೆ ರಕ್ತ ಸೇರಿಕೊಂಡಿತ್ತು. ಹೆಮಟೋಮಾ ಅನ್ನುತ್ತಾರೆ. ಹೀಗೆ ನಿಂತ ರಕ್ತ ಹೊಲಿಗೆಯನ್ನು ಎಳೆಯುತ್ತದೆ, ಕೀವಾಗಲು ಜಾಗ ಮಾಡಿಕೊಡುತ್ತದೆ. ಗಾಯ ಮಾಯುವುದು ತಡವಾಗುವುದು ಹೆಚ್ಚಾಗಿ ಇದರಿಂದಲೇ. ನನ್ನದು ಮೂರು ವಾರದಲ್ಲಿ ತಾನಾಗಿಯೇ ಕರಗಿತು.

ತಪ್ಪು ನನ್ನದೂ ಇತ್ತು ಅನ್ನಿ. ನೋವು ಅಂತ ಮನೆಯಲ್ಲಿದ್ದ ಐಬುಪ್ರೊಫೇನ್ ಯಾರಿಗೂ ಹೇಳದೆ ನುಂಗಿದ್ದೆ. ಅದೂ ಪ್ಲೇಟ್‌ಲೆಟ್‌ಗಳನ್ನು ತಡೆಯುತ್ತದೆ. ಡಾಕ್ಟರ್ ಸರಿಯಾಗಿ ಬೈದರು. ಪ್ಯಾರಾಸಿಟಮಾಲ್ ವಾಸಿ, ಆದರೆ ಅದನ್ನೂ ದಿನಗಟ್ಟಲೆ ಜಾಸ್ತಿ ತಗೊಂಡರೆ ಐಎನ್‌ಆರ್ ಏರಬಹುದು.

ನಿಲ್ಲಿಸಿದ ಮಾತ್ರೆ ಮತ್ತೆ ಯಾವತ್ತು ಶುರು ಮಾಡಬೇಕು ಅಂತ ಆಪರೇಷನ್‌ಗೆ ಮೊದಲೇ ಕೇಳಿ, ತಾರೀಖು ಬರೆಸಿಕೊಳ್ಳಿ. ವಾರ್ಫರಿನ್ ಕೆಲಸ ಹಿಡಿಯಲು ದಿನಗಳು ಬೇಕಲ್ವಾ, ಅದಕ್ಕೆ ನನಗೆ ಮರುದಿನವೇ ಕೊಟ್ಟರು. ರಕ್ತ ಬರುತ್ತದೆ ಅಂತ ಹೆದರಿ ಮುಂದೂಡಿದರೆ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಬಾವು ಬರುವುದಕ್ಕಿಂತ ಅದು ಎಷ್ಟೋ ಕೆಟ್ಟದ್ದು.

ಬ್ಯಾಂಡೇಜ್ ಮೇಲೆ ಸಣ್ಣ ಕಲೆ ಕಂಡರೆ ಗಾಬರಿ ಬೇಡ. ಬಾವು ನೋಡನೋಡುತ್ತಲೇ ದೊಡ್ಡದಾದರೆ, ಮಲ ಟಾರಿನಂತೆ ಕಪ್ಪಾದರೆ, ತಲೆ ಸುತ್ತಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಗಾಯದಿಂದ ರಕ್ತ ಜಿನುಗಿದರೆ ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಆಗಲೂ ನಿಲ್ಲದಿದ್ದರೆ ಹೊರಡಿ. ಮಧ್ಯೆ ಎತ್ತಿ ಇಣುಕಬೇಡಿ. ನಾನು ಎರಡು ಸಲ ಇಣುಕಿದೆ, ಎರಡು ಸಲವೂ ಮೊದಲಿಂದ ಒತ್ತಬೇಕಾಯಿತು.