ಟೇಲರನ ಆತ್ಮಕಥೆಯನ್ನು ಕೊನೆಗೆ ಓದಿ

18ನೇ ಶತಮಾನದಲ್ಲಿ ಊರೂರು ತಿರುಗಿ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಇಂಗ್ಲೆಂಡಿನ ಶೆವಲಿಯರ್ ಜಾನ್ ಟೇಲರನ ಆತ್ಮಕಥೆಯನ್ನೇ ಆಧಾರವಾಗಿಟ್ಟುಕೊಂಡು ಅವನ ಜೀವನ ಬರೆಯಬಹುದೇ, ಅವನು ಢೋಂಗಿಯೋ ನಿಜವಾದ ಕಣ್ಣಿನ ವೈದ್ಯನೋ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದೇ ದಾರಿ ಹಿಡಿದು ನಾನು ಬರೆದ ದೊಡ್ಡ ಲೇಖನವೊಂದನ್ನು ಕೊನೆಗೆ ಪೂರ್ತಿ ಬಿಸಾಡಬೇಕಾಯಿತು.

1761-62ರಲ್ಲಿ ಅವನು ಅಚ್ಚು ಹಾಕಿಸಿದ ಆ ಪುಸ್ತಕದಲ್ಲಿ ಒಂದು ಮಾತು ಬರುತ್ತದೆ: ಜರ್ಮನಿಯ ಲೈಪ್ಜಿಗ್‌ನಲ್ಲಿ 88 ವರ್ಷದ ಹೆಸರಾಂತ ಸಂಗೀತಗಾರನೊಬ್ಬನಿಗೆ ತಾನು ದೃಷ್ಟಿ ಕೊಟ್ಟೆ, ಸಂಗೀತ ರಚನಕಾರ ಹ್ಯಾಂಡಲ್ ಮೊದಲು ಕಲಿತದ್ದು ಆತನ ಬಳಿಯೇ, ಅಂತ. 1750ರಲ್ಲಿ ಟೇಲರ್ ಲೈಪ್ಜಿಗ್‌ನಲ್ಲಿ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ್ದು ನನಗೆ ಗೊತ್ತಿತ್ತು. ಬಾಖ್‌ಗೆ ಆಗ 65. ಹಾಗಾದರೆ ಈ ಮುದುಕ ಬೇರೆ ರೋಗಿಯೇ ಇರಬೇಕೆಂದುಕೊಂಡು ಅವನನ್ನು ಹುಡುಕುತ್ತಾ ಹೋದೆ. ಹ್ಯಾಂಡಲನ ಗುರು ತ್ಸಾಖೋ ಸಿಕ್ಕಿದ, ಆದರೆ ಅವನು 1712ರಲ್ಲೇ ತೀರಿಕೊಂಡಿದ್ದ. ಆಗಲೂ ನನಗೆ ಅನುಮಾನ ಬಂದದ್ದು ತ್ಸಾಖೋನ ವರ್ಷದ ಮೇಲೆ, ಟೇಲರನ ಮೇಲಲ್ಲ! ಅವನ ಪುಸ್ತಕವೇ ನನಗೆ ಅಳತೆಗೋಲಾಗಿಬಿಟ್ಟಿತ್ತು. ಅದಕ್ಕೆ ಹೊಂದದ ದಾಖಲೆಯನ್ನೆಲ್ಲ ಬದಿಗಿಡುತ್ತಿದ್ದೆ. ಆ 88ರ ಮುದುಕ ಬಾಖ್‌ನೇ. ವಯಸ್ಸು ಸುಳ್ಳು, ಶಿಷ್ಯನ ಕಥೆ ಸುಳ್ಳು, ದೃಷ್ಟಿ ಬಂತೆಂಬುದೂ ಸುಳ್ಳು. ಬಾಖ್, ಹ್ಯಾಂಡಲ್ ಇಬ್ಬರೂ 1685ರಲ್ಲಿ ಹುಟ್ಟಿದವರು, ಜೀವಮಾನದಲ್ಲಿ ಒಮ್ಮೆಯೂ ಮುಖಾಮುಖಿ ಆದವರಲ್ಲ.

ಬರ್ಲಿನ್ ಪತ್ರಿಕೆಯೊಂದು ಆ ಏಪ್ರಿಲ್‌ನಲ್ಲೇ ಬಾಖ್‌ಗೆ ಕಣ್ಣು ಬಂತೆಂದು ಬರೆದಿತ್ತು. ಅದನ್ನೂ ನಾನು ಸಾಕ್ಷಿಯೆಂದು ಹಿಡಿದೆ. ಕೆಲವೇ ದಿನಗಳಲ್ಲಿ ಅದೇ ರೋಗಿಗೆ ಎರಡನೇ ಸಲ ಶಸ್ತ್ರಚಿಕಿತ್ಸೆ ಯಾಕೆ ಬೇಕಾಯಿತೆಂದು ಯೋಚಿಸಿದ್ದರೆ ಸಾಕಿತ್ತು. ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಮತ್ತು ಶಿಷ್ಯ ಅಗ್ರಿಕೊಲಾ ಬರೆದು 1754ರಲ್ಲಿ ಪ್ರಕಟವಾದ ಶ್ರದ್ಧಾಂಜಲಿ ಓದಿ. ದೃಷ್ಟಿ ಹೋಯಿತು, ಔಷಧಗಳಿಂದ ಗಟ್ಟಿಮುಟ್ಟಾದ ದೇಹವೂ ಹಾಳಾಯಿತು ಎನ್ನುತ್ತಾರೆ. 1750ರ ಜುಲೈ 28ಕ್ಕೆ ಬಾಖ್ ತೀರಿಕೊಂಡ. ಅದನ್ನು ಓದಿದ ದಿನ ನನಗೆ ಟೇಲರನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಢೋಂಗಿಯೋ ವೈದ್ಯನೋ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಅವನಿಗೆ ವಿದ್ಯೆ ಇತ್ತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಚೆಸೆಲ್ಡೆನ್ ಬಳಿ ಕಲಿತ, 1727ರಲ್ಲಿ ಕಣ್ಣಿನ ರಚನೆಯ ಬಗ್ಗೆ ಪುಸ್ತಕ ಬರೆದ, 1736ರಲ್ಲಿ ಎರಡನೇ ಜಾರ್ಜ್ ದೊರೆಯ ನೇತ್ರವೈದ್ಯನಾದ. ಆಗಿನ ಪೊರೆ ಚಿಕಿತ್ಸೆಯೇ ಅವನಂಥವರಿಗೆ ಅನುಕೂಲವಾಗಿತ್ತು. ಮಬ್ಬಾದ ಮಸೂರವನ್ನು ಸೂಜಿಯಿಂದ ಕೆಳಕ್ಕೆ ತಳ್ಳಿದರೆ ಆ ಕ್ಷಣಕ್ಕೆ ಬೆಳಕು ಕಾಣುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಕೀವು, ಉರಿಯೂತ ಬರುವುದು ಆಮೇಲೆ. ಕಣ್ಣಿಗೆ ಪಟ್ಟಿ ಕಟ್ಟಿ, ಕೆಲವು ದಿನ ಬಿಚ್ಚಬೇಡಿ ಎಂದು ಹೇಳಿ ಊರು ಬಿಡುತ್ತಿದ್ದ ಎಂಬ ಮಾತು ಅವನ ಬಗ್ಗೆ ಪದೇ ಪದೇ ಸಿಗುತ್ತದೆ. ಫ್ರಾನ್ಸಿನಲ್ಲಿ ಕಣ್ಣಿನ ವೈದ್ಯ ಡಾವಿಯೆಲ್ ಮಸೂರವನ್ನೇ ಹೊರತೆಗೆಯುವ ವಿಧಾನ ಶುರುಮಾಡಿದ್ದೂ ಅದೇ ಕಾಲದಲ್ಲಿ, 1747ರಲ್ಲಿ.

ಆದ್ದರಿಂದ ರೋಗಿಗಳಿಂದ ಶುರುಮಾಡಿ. ಪಟ್ಟಿ ಬಿಚ್ಚಿದ ಮೇಲೆ ಯಾರಿಗೆ ಏನಾಯಿತು ಎಂಬುದನ್ನು ಮನೆಯವರ ಪತ್ರ, ಸ್ಥಳೀಯ ವೈದ್ಯರ ಬರಹಗಳಲ್ಲಿ ಹುಡುಕಿ. ಲಂಡನ್ ಪತ್ರಿಕೆಗಳ ದಿನಾಂಕವನ್ನು ಜರ್ಮನಿಯದರ ಜೊತೆ ತಾಳೆ ನೋಡುವಾಗ ಎಚ್ಚರ. 1752ರ ಸೆಪ್ಟೆಂಬರ್‌ವರೆಗೆ ಇಂಗ್ಲೆಂಡಿನಲ್ಲಿ ಹಳೆಯ ಕ್ಯಾಲೆಂಡರ್ ಇತ್ತು, ಲಂಡನ್ನಿನ ದಿನಾಂಕಕ್ಕೆ 11 ದಿನ ಸೇರಿಸಿಕೊಳ್ಳಬೇಕು.