ಒಂದು ಕಿಲೋ ಉಪಗ್ರಹಕ್ಕೆ ರಾಸ್ಪ್‌ಬೆರಿ ಪೈ 4 ಬೇಡ

ಪುಣೆಯ ನಿಮ್ಮ ಕಾಲೇಜಿನ ತಂಡ 10 ಸೆಂ.ಮೀ. ಕ್ಯೂಬ್‌ಸ್ಯಾಟ್‌ಗೆ (ಘನಾಕಾರದ ಪುಟ್ಟ ಉಪಗ್ರಹ) ರಾಸ್ಪ್‌ಬೆರಿ ಪೈ 4 ಅನ್ನೋ ಒಂದೇ ಬೋರ್ಡಿನ ಕಂಪ್ಯೂಟರ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೈಗಂಟಿದ ಸೌರಫಲಕಗಳಿಂದ ಸರಾಸರಿ ಸಿಗೋದೇ ಸುಮಾರು 2 ವ್ಯಾಟ್. ಪೈ 4 ಸುಮ್ಮನೆ ಕೂತರೂ ಅದಷ್ಟನ್ನೂ ನುಂಗಿಬಿಡುತ್ತೆ. ಎಸ್‌ಟಿಎಂ32 ಎಲ್4 ತರಹದ ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್) ಆದರೆ ಮಿಲಿವ್ಯಾಟ್‌ಗಳಲ್ಲೇ ಓಡುತ್ತೆ. ನಿಮ್ಮೂರಿನ ಸಿಒಇಪಿ (ಪುಣೆ ಎಂಜಿನಿಯರಿಂಗ್ ಕಾಲೇಜು) ಹುಡುಗರ ‘ಸ್ವಯಂ’ ಉಪಗ್ರಹ 2016ರಲ್ಲಿ ಪಿಎಸ್‌ಎಲ್‌ವಿ-ಸಿ34 ರಾಕೆಟ್‌ನಲ್ಲಿ ಹೋಯ್ತಲ್ಲ, ಅದೂ ಇದೇ ಅಳತೆಯದು.

ಚಿಪ್‌ಗಿಂತ ಅದರ ಕಾವಲಿನ ಬಗ್ಗೆ ನನಗೆ ಹೆಚ್ಚು ಚಿಂತೆ. ವಿಕಿರಣದ ಒಂದೇ ಕಣ ತಗುಲಿ ಲ್ಯಾಚ್‌ಅಪ್ (ಚಿಪ್‌ನೊಳಗೇ ಶಾರ್ಟ್ ಆಗಿ ಹಾಗೇ ಉಳಿಯೋದು) ಆದರೆ ಕರೆಂಟ್ ಏಕಾಏಕಿ ಏರಿ ಚಿಪ್ ಸುಟ್ಟುಹೋಗಬಹುದು. ಆಗ ರೀಸೆಟ್ ಸಾಲದು, ಸಪ್ಲೈಯನ್ನೇ ಕಡಿದು ಮತ್ತೆ ಕೊಡಬೇಕು. ಅದಕ್ಕೇ ಕರೆಂಟ್ ಮಿತಿಯ ಸ್ವಿಚ್ಚು, ಚಿಪ್‌ನ ಹೊರಗೆ ಪ್ರತ್ಯೇಕ ವಾಚ್‌ಡಾಗ್ (ಚಿಪ್ ಸ್ತಬ್ಧವಾದರೆ ಅದನ್ನು ಮತ್ತೆ ಶುರು ಮಾಡೋ ಟೈಮರ್) ಎರಡನ್ನೂ ಮೊದಲ ಬೋರ್ಡ್‌ನಲ್ಲೇ ಇಡಿ. ಕ್ಯಾಮೆರಾ ಇದ್ದರೆ ರಾಸ್ಪ್‌ಬೆರಿ ಪೈನದೇ ಚಿಕ್ಕ ಮಾದರಿ ಪೈ ಝೀರೋವನ್ನು ಬೇರೆಯಾಗಿ ಕೂರಿಸಿ, ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ ಆನ್ ಮಾಡಿ.