ವ್ಯಾಟ್ ಹೆಚ್ಚಿಸಿದರೆ ಬೇಸ್ ಕೇಳುತ್ತದೆಯೇ?

ಪ್ರಶ್ನೆ: ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಹವ್ಯಾಸಕ್ಕಾಗಿ ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನ 100 ವ್ಯಾಟ್ ಆಂಪ್ಲಿಫೈಯರ್‌ನ ಸ್ವರ ವೇದಿಕೆಯಲ್ಲಿ ನನಗೇ ಸ್ಪಷ್ಟವಾಗಿ ಕೇಳುವುದಿಲ್ಲ. ಎದುರು ಕುಳಿತವರು ಬರೀ ಗುಂಯ್‌ಗುಡುತ್ತದೆ ಎನ್ನುತ್ತಾರೆ. 200 ವ್ಯಾಟ್‌ನದನ್ನು ಕೊಳ್ಳಬೇಕೇ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಸದ್ಯಕ್ಕೆ ಬೇಡ. ವ್ಯಾಟ್ ಇಮ್ಮಡಿಯಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಆ ಹಣಕ್ಕೆ ತಕ್ಕ ವ್ಯತ್ಯಾಸ ಕಿವಿಗೆ ತಿಳಿಯದು. ನಾಲ್ಕು ತಂತಿಯ ಬೇಸ್‌ನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್, ಅದರ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆ ಹತ್ತಿರದ ಗೋಡೆಗೆ ತಗುಲಿ ಮರಳಿ ಮೂಲ ಸ್ವರಕ್ಕೇ ಕೂಡಿಕೊಳ್ಳುತ್ತದೆ. ಆದ್ದರಿಂದ ಸ್ಪೀಕರ್ ಪೆಟ್ಟಿಗೆಯನ್ನು ಸಭಾಭವನದ ಗೋಡೆಯ ಮೂಲೆಗೆ ಒತ್ತಿಟ್ಟರೆ ತಗ್ಗು ಸ್ವರಗಳೇ ಉಬ್ಬಿ, ಸ್ಪಷ್ಟತೆ ಕೊಡುವ ಮಧ್ಯದ ಸ್ವರಗಳನ್ನು ಮುಚ್ಚಿಬಿಡುತ್ತವೆ. ಪೆಟ್ಟಿಗೆಯನ್ನು ಮೂಲೆಯಿಂದ ಸರಿಸಿ, ಗಟ್ಟಿಯಾದ ಕುರ್ಚಿಯ ಮೇಲೆ ನಿಮ್ಮ ಕಿವಿಯತ್ತ ವಾಲಿಸಿಡಿ. ಬೇಸ್ ಗುಂಡಿಯನ್ನು ತಗ್ಗಿಸಿ, ಮಿಡ್ ಅನ್ನು ತುಸು ಏರಿಸಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಇಂಪೆನಿಸುವ ಹೊಂದಾಣಿಕೆ ಡ್ರಮ್‌ಸೆಟ್ಟಿನ ಪಕ್ಕದಲ್ಲಿ ಉಳಿಯುವುದಿಲ್ಲ.

ಪ್ರೇಕ್ಷಕರಿಗೆ ಕೇಳಿಸುವ ಹೊಣೆ ಸೌಂಡ್ ಸಿಸ್ಟಮ್‌ನವರದು. ಡಿಐ ಬಾಕ್ಸ್ (ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ಹೊಂದುವಂತೆ ಮಾಡಿ ಕಳುಹಿಸುವ ಪುಟ್ಟ ಪೆಟ್ಟಿಗೆ) ಮೂಲಕ ಅವರ ಮಿಕ್ಸರಿಗೆ ಲೈನ್ ಕೊಡಿ. ಹಮ್ (ಕರೆಂಟಿನಿಂದ ಬರುವ ಝೇಂಕಾರ) ಬಂದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ (ಸಿಗ್ನಲ್ ತಂತಿಯ ಗ್ರೌಂಡ್ ಸಂಪರ್ಕ ಬಿಡಿಸುವ ಗುಂಡಿ) ಒತ್ತಿರಿ, ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಮಾತ್ರ ಎಂದಿಗೂ ತೆಗೆಯಬೇಡಿ: ಮಳೆಗಾಲದ ಒದ್ದೆ ಪೆಂಡಾಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.